ಸತ್ಯಾಂಶ: ಶ್ರೀ ಶ್ರೀನಿವಾಸನ್ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಲ್ಲ

‘ಅಮೆರಿಕದ ಸುಪ್ರೀಂ ಕೋರ್ಟಿಗೆ ಭಾರತೀಯ ಮುಖ್ಯಸ್ಥ’ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಅದರಲ್ಲಿರುವ ‘ಶ್ರೀ ಶ್ರೀನಿವಾಸನ್’ ಎಂಬ ಹೆಸರು ನಿಜ, ಹುದ್ದೆ ತಪ್ಪು.

ಶ್ರೀ ಶ್ರೀನಿವಾಸನ್ 2020ರ ಫೆಬ್ರುವರಿಯಲ್ಲಿ ಮುಖ್ಯ ನ್ಯಾಯಾಧೀಶರಾದದ್ದು ಸುಪ್ರೀಂ ಕೋರ್ಟಿಗಿಂತ ಒಂದು ಹಂತ ಕೆಳಗಿನ, ವಾಷಿಂಗ್ಟನ್‌ನ ಡಿ.ಸಿ. ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯಕ್ಕೆ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಜಾನ್ ರಾಬರ್ಟ್ಸ್ 2005ರಿಂದಲೇ ಇದ್ದರು. ಅಮೆರಿಕದಲ್ಲಿ ಇಂಥ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು 13. ಅವುಗಳ ಮುಖ್ಯಸ್ಥರನ್ನು ಅಧ್ಯಕ್ಷರು ಆರಿಸುವುದಿಲ್ಲ. 65 ದಾಟದ ನ್ಯಾಯಾಧೀಶರ ಪೈಕಿ ಸೇವಾ ಹಿರಿತನ ಇದ್ದವರಿಗೆ ಆ ಸ್ಥಾನ ಸಲ್ಲುತ್ತದೆ, ಗರಿಷ್ಠ 7 ವರ್ಷ.

ಹಾಗೆಂದು ಅವರ ಸಾಧನೆ ಸಣ್ಣದೇನಲ್ಲ. 1967ರಲ್ಲಿ ಚಂಡೀಗಢದಲ್ಲಿ ಹುಟ್ಟಿ, ಕ್ಯಾನ್ಸಸ್‌ನ ಲಾರೆನ್ಸ್‌ನಲ್ಲಿ ಬೆಳೆದು, ಸ್ಟ್ಯಾನ್‌ಫರ್ಡ್‌ನಲ್ಲಿ ಕಾನೂನಿನ ಜೊತೆಗೆ ಎಂಬಿಎ ಕೂಡ ಓದಿದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ ಬಳಿ ಕ್ಲರ್ಕ್ (ಕಾನೂನು ಸಹಾಯಕ) ಆಗಿದ್ದರು. 2013ರ ಮೇ ತಿಂಗಳಲ್ಲಿ ಸೆನೆಟ್ ಅವರನ್ನು ಡಿ.ಸಿ. ಸರ್ಕ್ಯೂಟ್‌ನ ನ್ಯಾಯಾಧೀಶರಾಗಿ 97–0 ಮತಗಳಿಂದ ಒಪ್ಪಿತು. ಪಕ್ಷಭೇದ ಅಷ್ಟು ತೀವ್ರವಾಗಿದ್ದ ಕಾಲದಲ್ಲಿ ಒಂದೇ ಒಂದು ವಿರೋಧ ಮತ ಬೀಳದಿದ್ದದ್ದು, ನನ್ನ ಮಟ್ಟಿಗೆ, ಯಾವ ಪದವಿಗಿಂತಲೂ ದೊಡ್ಡದು. ಪ್ರಮಾಣವಚನ ಬೋಧಿಸಿದವರು ಅದೇ ಓ'ಕಾನರ್. ಶ್ರೀನಿವಾಸನ್ ಕೈಯಿಟ್ಟದ್ದು ಭಗವದ್ಗೀತೆಯ ಮೇಲೆ.

ಗೊಂದಲಕ್ಕೆ ಇನ್ನೊಂದು ಕಾರಣ 2016ರ ಸುದ್ದಿಗಳಿರಬಹುದು. ಸುಪ್ರೀಂ ಕೋರ್ಟಿನ ಖಾಲಿ ಸ್ಥಾನಕ್ಕೆ ಆಗ ಇವರ ಹೆಸರೂ ಬಲವಾಗಿ ಕೇಳಿಬಂದಿತ್ತು. ಒಬಾಮ ಕೊನೆಗೆ ಅದೇ ಡಿ.ಸಿ. ನ್ಯಾಯಾಲಯದ ಮೆರಿಕ್ ಗಾರ್ಲೆಂಡ್ ಅವರನ್ನು ಸೂಚಿಸಿದರು.