ಕೋಪಗೃಹಕ್ಕೊಂದು ಚಿಲಕ

ದಶರಥನ ಅರಮನೆಯ ಮೇಲೆ ನನಗಿರುವ ಹೊಟ್ಟೆಕಿಚ್ಚು ಅಲ್ಲಿದ್ದ ಚಿನ್ನ, ರತ್ನಗಳಿಗಾಗಿ ಅಲ್ಲ. ಅಲ್ಲೊಂದು ಕೋಪಗೃಹ ಇತ್ತಲ್ಲ, ಅದಕ್ಕಾಗಿ. ಮುನಿಸು ಬಂದಾಗ ಎಲ್ಲಿಗೆ ಹೋಗಲಿ ಎಂದು ಕೈಕೇಯಿ ಯೋಚಿಸಬೇಕಾಗಿ ಬರಲಿಲ್ಲ. ನೇರ ಹೋದಳು, ಒಡವೆಗಳನ್ನು ಕಳಚಿ ಎಸೆದಳು, ಬರಿ ನೆಲದ ಮೇಲೆ ಮಲಗಿಬಿಟ್ಟಳು. ಅಡುಗೆಗೊಂದು ಮನೆ, ದೇವರಿಗೊಂದು ಮನೆ ಇರುವಂತೆ ಸಿಟ್ಟಿಗೂ ಒಂದು ಮನೆ ಬೇಕೆಂದು ಹೊಳೆದ ಆ ವಾಸ್ತುಶಿಲ್ಪಿ ಯಾರೋ, ಖಂಡಿತ ಹೆಣ್ಣುಮಕ್ಕಳ ತಂದೆಯಾಗಿದ್ದಿರಬೇಕು. ಈಗ ಅಪಾರ್ಟ್‌ಮೆಂಟ್ ಕಟ್ಟುವವರು ಈಜುಕೊಳ, ಜಿಮ್, ನಾಯಿ ಅಡ್ಡಾಡುವ ಜಾಗ ಎಲ್ಲವನ್ನೂ ಹೊಳಪಿನ ಕಾಗದದಲ್ಲಿ ಅಚ್ಚು ಹಾಕಿಸಿ ತೋರಿಸುತ್ತಾರೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಶಾಲೆಯಿಂದ ಬಂದು, ಯಾರ ಮುಖವನ್ನೂ ನೋಡದೆ ಅರ್ಧ ಗಂಟೆ ಧುಮುಗುಟ್ಟಿಕೊಂಡಿರಲು ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ನಮ್ಮದು ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ. ಒಂದು ಕೋಣೆ ನಮಗೆ, ಇನ್ನೊಂದು ಮಗಳಿಗೂ ಅವಳ ಆರು ವರ್ಷದ ತಮ್ಮನಿಗೂ. ಹಜಾರದ ದಿವಾನ ನನ್ನ ಅಪ್ಪನದು. ಮಕ್ಕಳ ಕೋಣೆಗೆ ಚಿಲಕವಿರಲಿಲ್ಲ. ಮಗ ಎರಡು ವರ್ಷದವನಿದ್ದಾಗ ಒಳಗಿನಿಂದ ಹಾಕಿಕೊಂಡು, ತೆಗೆಯಲು ಬಾರದೆ ಕಟ್ಟಡವನ್ನೆಲ್ಲ ಕೂಡಿಸಿದ ಮೇಲೆ ಅದನ್ನು ಕಳಚಿಸಿದ್ದೆವು. ಹೀಗಾಗಿ ಮಗಳಿಗೆ ಉಳಿದ ಕೋಪಗೃಹ ಒಂದೇ: ಹಜಾರದ ಪಕ್ಕದ ಬಚ್ಚಲುಮನೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಬಚ್ಚಲಿಗೆ ಮೇಲಿಂದ ಮೇಲೆ ಹೋಗಬೇಕು. ನಮ್ಮ ಕೋಣೆಯೊಳಗೆ ಇನ್ನೊಂದಿದೆ, ಆದರೆ ಸೊಸೆಯ ಕೋಣೆಗೆ ಅವರು ಕಾಲಿಡುವವರಲ್ಲ. ಮೊಮ್ಮಗಳ ಮುನಿಸು ಇಳಿಯಲೆಂದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮನಸಾರೆ ಪ್ರಾರ್ಥಿಸುವವರು ಅವರೇ.

ಇದಕ್ಕೆ ನೀರಿನ ಲೆಕ್ಕವೂ ಸೇರಿಕೊಂಡಿತು. ಅತ್ತದ್ದು ಹೊರಗೆ ಕೇಳಬಾರದೆಂದು ಅವಳು ನಲ್ಲಿ ತಿರುಗಿಸುತ್ತಿದ್ದಳು. 2024ರ ಮಾರ್ಚ್‌ನಲ್ಲಿ ಕೊಳವೆ ಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತಲ್ಲ, ಆಗ ಅವಳಿಗೆ ಹತ್ತು ತುಂಬಿ ಈ ಸಿಡುಕಿನ ಪರ್ವ ಶುರುವಾಗಿತ್ತು. ಅಳುವುದಕ್ಕೆ ನಲ್ಲಿ ಬಿಟ್ಟರೆ ದಂಡವೆಷ್ಟು ಎಂದು ಆ ಆದೇಶದಲ್ಲಿ ಇರಲಿಲ್ಲ. ಬಕೆಟ್ ತುಂಬಿ ಚೆಲ್ಲುವ ಸದ್ದು ಕೇಳುತ್ತಿದ್ದ ಹಾಗೆ ನಾನು ಬಾಗಿಲ ಹೊರಗೆ ನಿಂತು, ಮಗಳ ದುಃಖಕ್ಕೆ ಮರುಗಲೋ, ಟ್ಯಾಂಕರ್ ನೀರಿನ ಬೆಲೆಗೆ ಮರುಗಲೋ ತಿಳಿಯದೆ ಒದ್ದಾಡುತ್ತಿದ್ದೆ.

ಮುನಿಸಿಗೆ ಕಾರಣ ಇರಲೇಬೇಕೆಂದಿಲ್ಲ. ಬೆಳಗ್ಗೆ ಆರೂ ಮುಕ್ಕಾಲಿಗೆ ನಮ್ಮಲ್ಲಿ ಜಡೆ ಹಾಕುವ ಕಾರ್ಯಕ್ರಮ. ಶಾಲೆಯ ನಿಯಮದಂತೆ ಎರಡು ಜಡೆ, ಮಡಚಿ ರಿಬ್ಬನ್ ಕಟ್ಟಬೇಕು. ಹೆಂಡತಿ ಒಂದು ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬೈತಲೆ ತೆಗೆದು, ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸುರಿದುಕೊಳ್ಳುತ್ತಾಳೆ. ಹೋದ ವಾರದವರೆಗೂ ತಲೆಯೊಡ್ಡಿ ತೂಕಡಿಸುತ್ತಿದ್ದ ಮಗಳು ಇದ್ದಕ್ಕಿದ್ದಂತೆ, "ಎಣ್ಣೆ ಬೇಡ ಎಂದು ಎಷ್ಟು ಸಲ ಹೇಳಬೇಕು?" ಎಂದು ಎದ್ದು ನಿಲ್ಲುತ್ತಾಳೆ. ಅಸಲಿಗೆ ಅವಳು ಹಿಂದೆ ಒಂದು ಸಲವೂ ಹೇಳಿರುವುದಿಲ್ಲ. ಅರ್ಧ ಹೆಣೆದ ಜಡೆ ಬಿಚ್ಚಿಕೊಳ್ಳುತ್ತದೆ. ರಿಬ್ಬನ್ ಬಾಯಲ್ಲಿರುವುದರಿಂದ ಹೆಂಡತಿಗೆ ಬೈಯಲೂ ಆಗುವುದಿಲ್ಲ, ಮೂಗಿನಲ್ಲೇ ಹೂಂಕರಿಸುತ್ತಾಳೆ. "ಎಣ್ಣೆಗೇನಾಯಿತು?" ಎಂದು ನಾನು ಬಾಯಿ ಹಾಕಿದರೆ ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗುತ್ತಾರೆ. ಸಂಜೆ ಅದೇ ಹುಡುಗಿ ಅಮ್ಮನ ಮಡಿಲಿಗೆ ತಲೆಯಿಟ್ಟು, "ಎಣ್ಣೆ ಹಚ್ಚಿ ತಿಕ್ಕು" ಎಂದು ಒರಗುತ್ತಾಳೆ. ಬೆಳಗಿನ ಮಾತನ್ನು ನೆನಪಿಸುವ ಮೂರ್ಖತನವನ್ನು ಈಗ ಮನೆಯಲ್ಲಿ ಯಾರೂ ಮಾಡುವುದಿಲ್ಲ.

ವೈದ್ಯರು ಇದಕ್ಕೆ ವಿವರಣೆ ಕೊಡುತ್ತಾರೆ. ಹೆಣ್ಣುಮಕ್ಕಳಲ್ಲಿ ಎಂಟರಿಂದ ಹದಿಮೂರು, ಗಂಡುಮಕ್ಕಳಲ್ಲಿ ಒಂಬತ್ತರಿಂದ ಹದಿನಾಲ್ಕು ವರ್ಷದ ನಡುವೆ ಯಾವಾಗ ಬೇಕಾದರೂ ಮೈ ಬದಲಾಗಲು ಆರಂಭವಾಗುತ್ತದಂತೆ. ಹೊರಗೆ ಏನೂ ಕಾಣಿಸಿಕೊಳ್ಳುವ ಮೊದಲೇ, ಮಗು ನಿದ್ದೆಯಲ್ಲಿರುವಾಗ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಾತ್ರಿ ಪಾಳಿಯಲ್ಲಿ ಕೆಲಸ ಶುರುಮಾಡಿರುತ್ತದೆ. ನಾವು ಹೊದಿಕೆ ಸರಿಮಾಡಿ ಬರುವ ಹೊತ್ತಿಗೆ ಒಳಗೆ ಇಷ್ಟೆಲ್ಲ ನಡೆದಿರುತ್ತದೆ. ಭಾವನೆಗಳು ಭುಗಿಲೇಳುವ ಭಾಗ ಈ ವಯಸ್ಸಿನಲ್ಲಿ ಬಲು ಚುರುಕು. ಅದಕ್ಕೆ ಕಡಿವಾಣ ಹಾಕಬೇಕಾದ ಮಿದುಳಿನ ಮುಂಭಾಗ ಮಾಗುವುದು ಇಪ್ಪತ್ತು ದಾಟಿ, ಇಪ್ಪತ್ತೈದರ ಆಸುಪಾಸಿನಲ್ಲಿ. ಇದನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ಹೆಂಡತಿ, "ಹಾಗಾದರೆ ನಲವತ್ತಾರರಲ್ಲೂ ಸ್ಕೂಟರಿನ ಸ್ಟ್ಯಾಂಡನ್ನು ಒದೆಯುವವರದು ಯಾವ ಭಾಗ?" ಎಂದು ಕೇಳಿದಳು. ಅದಕ್ಕೆ ವೈದ್ಯರು ಏನೂ ಬರೆದಿರಲಿಲ್ಲ.

ನಿದ್ದೆಯ ಮಾತು ಮಾತ್ರ ನನಗೆ ಅಕ್ಷರಶಃ ನಿಜವೆನಿಸಿತು. ಹನ್ನೆರಡರವರೆಗಿನ ಶಾಲೆಯ ಮಕ್ಕಳಿಗೆ ದಿನಕ್ಕೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು. ಆದರೆ ಮೈ ಬದಲಾಗುವ ಈ ಕಾಲದಲ್ಲಿ ದೇಹದ ಗಡಿಯಾರ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ, ರಾತ್ರಿ ಹತ್ತಾದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಶಾಲೆಯ ಬಸ್ಸಿನ ಗಡಿಯಾರ ಮಾತ್ರ ಏಳೂಹತ್ತರಿಂದ ಕದಲುವುದಿಲ್ಲ. ಹೀಗೆ ದಿನಕ್ಕೆ ಒಂದೂವರೆ ಗಂಟೆಯಷ್ಟು ನಿದ್ದೆ ಸಾಲ ಬೀಳುತ್ತ ಹೋಗುತ್ತದೆ. ಜಡೆಯ ಜಗಳದಲ್ಲಿ ಮುಕ್ಕಾಲು ಪಾಲು ಎಣ್ಣೆಯದಲ್ಲ, ನಿದ್ದೆಯದು. ಭಾನುವಾರ ಒಂಬತ್ತರವರೆಗೆ ಮಲಗಿ ಎದ್ದವಳು ತಮ್ಮನಿಗೆ ತಾನೇ ದೋಸೆ ಹಾಕಿಕೊಡುವುದನ್ನು ನೋಡಿದರೆ ಬೇರೆ ಸಾಕ್ಷಿ ಬೇಡ.

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಕೋಪಗೃಹಗಳಿಗೆ ಬರವಿರಲಿಲ್ಲ. ಕೊಟ್ಟಿಗೆ, ಹುಲ್ಲಿನ ಬಣವೆಯ ಮರೆ, ಹಂಡೆಯ ಒಲೆ ಉರಿಯುತ್ತಿದ್ದ ಬಚ್ಚಲು, ಹಿತ್ತಿಲ ಪೇರಲೆ ಮರ, ಯಾವುದಾದರೂ ಆದೀತು. ನನ್ನದು ಅಟ್ಟ. ಅಲ್ಲಿ ಹುಲ್ಲಿನೊಳಗೆ ಹಣ್ಣಾಗಲು ಇಟ್ಟ ಬಾಳೆಗೊನೆ, ಡಬ್ಬಿಯಲ್ಲಿ ಹಲಸಿನ ಹಪ್ಪಳ ಇರುತ್ತಿದ್ದುದರಿಂದ ನನ್ನ ಮುನಿಸು ಸಾಕಷ್ಟು ಹೊತ್ತು ಬಾಳುತ್ತಿತ್ತು. ಅಮ್ಮ ಏಣಿಯ ಬುಡಕ್ಕೆ ಬಂದರೆ ಅಜ್ಜಿ, "ಬಿಡೇ ಅದನ್ನು, ಹಸಿವಾದರೆ ತಾನೇ ಇಳಿಯುತ್ತದೆ" ಎನ್ನುತ್ತಿದ್ದಳು. ಯಾರೂ ಬಂದು ಏನಾಯಿತು, ಯಾಕಾಯಿತು, ಯಾರೇನೆಂದರು ಎಂದು ವಿಚಾರಣೆ ನಡೆಸುತ್ತಿರಲಿಲ್ಲ. ಎಂಟು ಮಕ್ಕಳ ಮನೆಯಲ್ಲಿ ಒಬ್ಬನ ಮುನಿಸಿಗೆ ಅಷ್ಟು ಪುರಸೊತ್ತು ಯಾರಿಗಿತ್ತು?

ಹಾಗೆಂದು ಹಳೆಯ ಕಾಲವನ್ನು ಹೊಗಳಲು ಹೊರಟರೆ ಅಕ್ಕ ಅಡ್ಡ ಬರುತ್ತಾಳೆ. ಅಟ್ಟ, ಮರಗಳೆಲ್ಲ ಗಂಡುಹುಡುಗರಿಗೆ. ಅವಳ ಸಿಟ್ಟು ನಮಗೆ ಕೇಳುತ್ತಿದ್ದದ್ದು ತಿಕ್ಕುವ ಪಾತ್ರೆಗಳ ಸದ್ದಿನಲ್ಲಿ. ಅವಳು ದೊಡ್ಡವಳಾದಾಗ ಹಜಾರದ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಒಣಕೊಬ್ಬರಿ ತಿನ್ನಿಸಿ, ಕೇರಿಯ ಹೆಂಗಸರನ್ನೆಲ್ಲ ಕರೆದು ಆರತಿ ಎತ್ತಿದರು. ಯಾರಿಗೂ ಹೇಳಬೇಡಿ ಎಂದು ಅವಳು ಅತ್ತದ್ದು ಹಾಡಿನಲ್ಲಿ ಕೇಳಿಸಲಿಲ್ಲ. ಆಮೇಲೆ ತಿಂಗಳಿಗೆ ಮೂರು ದಿನ ಅವಳಿಗೂ ಒಂದು ಮೂಲೆ ಸಿಕ್ಕಿತು, ನಿಜ. ಆದರೆ ತಾನಾಗಿ ಹೋಗುವ ಜಾಗಕ್ಕೂ ಕಳಿಸುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಅಕ್ಕ ಈಗಲೂ ಖಾರವಾಗಿಯೇ ಹೇಳುತ್ತಾಳೆ.

ಈಗಿನ ಅಪ್ಪ ಅಮ್ಮಂದಿರ ತೊಂದರೆ ಬೇರೆ. ನಮಗೆ ಪುರಸೊತ್ತು ಹೆಚ್ಚು, ತಾಳ್ಮೆ ಕಡಿಮೆ. ಮಗುವಿನ ಮುಖ ಸ್ವಲ್ಪ ಸಪ್ಪಗಾದರೂ ದಶರಥನಂತೆ ಓಡಿಹೋಗಿ, "ಏನು ಬೇಕು ಕೇಳು" ಎನ್ನುತ್ತೇವೆ. ಅವನ ಕಷ್ಟವೆಲ್ಲ ಶುರುವಾದದ್ದೇ ಅಲ್ಲಿ. ಅದೂ ಆ ವರಗಳು ಆ ರಾತ್ರಿಯವಲ್ಲ. ಎಂದೋ ಯುದ್ಧದಲ್ಲಿ ಮೆಚ್ಚಿ ಕೊಟ್ಟು, ಬೇಕಾದಾಗ ಕೇಳುತ್ತೇನೆಂದು ಅವಳು ಬಾಕಿ ಇಟ್ಟಿದ್ದವು. ನಾವೂ ಅಷ್ಟೇ. "ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ", "ಏಳನೇ ತರಗತಿಗೆ ಬಂದ ಮೇಲೆ ಮೊಬೈಲ್" ಎಂದೆಲ್ಲ ಹಗುರವಾಗಿ ಆಡಿಬಿಟ್ಟಿರುತ್ತೇವೆ. ಅವರು ಹೋಮ್‌ವರ್ಕ್ ಮರೆಯಬಹುದು, ವರಗಳನ್ನು ಮರೆಯುವುದಿಲ್ಲ. ನಮ್ಮ ಮನೆಯ ದಶರಥ ನಾನಲ್ಲ, ನನ್ನ ಅಪ್ಪ. ಐದು ವರ್ಷ ಮುದ್ದಿಸು, ಮುಂದಿನ ಹತ್ತು ವರ್ಷ ದಂಡಿಸು, ಹದಿನಾರಾದ ಮೇಲೆ ಗೆಳೆಯನಂತೆ ಕಾಣು ಎನ್ನುವ ಸುಭಾಷಿತ ಅವರಿಗೆ ಬಾಯಿಪಾಠ. ನನ್ನ ಪಾಲಿಗೆ ಅವರು ಅದರ ಎರಡನೆಯ ಭಾಗವನ್ನು ಚಾಚೂ ತಪ್ಪದೆ ಪಾಲಿಸಿದರು. ಮೊಮ್ಮಗಳ ವಿಷಯದಲ್ಲಿ ಹನ್ನೆರಡು ವರ್ಷವಾದರೂ ಮೊದಲನೆಯ ಭಾಗವನ್ನೇ ದಾಟಿಲ್ಲ. ಬಚ್ಚಲ ಬಾಗಿಲ ಹೊರಗೆ ನಿಂತು, "ಐಸ್‌ಕ್ರೀಮ್ ತರಿಸುತ್ತೇನೆ, ಒಂದು ನಿಮಿಷ ಹೊರಗೆ ಬಾ ಕೂಸೇ" ಎಂದು ಗೋಗರೆಯುತ್ತಾರೆ. ಅವರ ಅವಸರದ ಕಾರಣ ಗೊತ್ತಿದ್ದುದರಿಂದ ನನಗೆ ಬೈಯಲೂ ಮನಸ್ಸಾಗುವುದಿಲ್ಲ.

ಸುಮ್ಮನಿರುವುದೆಂದರೆ ಕಿವಿ ಮುಚ್ಚಿಕೊಂಡಿರುವುದಲ್ಲ, ಅದೂ ಗೊತ್ತು. ಮುನಿಸು ಗಂಟೆಗಳ ಲೆಕ್ಕ ದಾಟಿ ವಾರಗಟ್ಟಲೆ ನಿಂತರೆ, ಊಟ ಸೇರದಿದ್ದರೆ, ಇಷ್ಟದ ಆಟವೂ ಗೆಳತಿಯರೂ ಬೇಡವಾದರೆ ಅದು ಬೇರೆ ಮಾತು, ವೈದ್ಯರಿಗೆ ಹೇಳಬೇಕಾದ ಮಾತು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಗ್ಯಾಸಿನವನ ಸಂಖ್ಯೆಯ ಪಕ್ಕ ಅದನ್ನೂ ಬರೆದು ಅಂಟಿಸಿದ್ದೇವೆ. ಹೊಸ ಸಿಲಿಂಡರ್ ಬೇಕಾದದ್ದುಂಟು, ಅದು ಈವರೆಗೆ ಬೇಕಾಗಿಲ್ಲ.

ಕಡೆಗೆ ಅಪ್ಪನ ಒತ್ತಾಯಕ್ಕೆ ಮಣಿದು ಮಕ್ಕಳ ಕೋಣೆಗೆ ಮತ್ತೆ ಚಿಲಕ ಹಾಕಿಸಿದೆವು. ಬಡಗಿ ಅಳತೆ ಹಿಡಿದು, "ಒಳಗೋ ಹೊರಗೋ ಸಾರ್?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು, "ಒಳಗೆ" ಎಂದಳು. ಹೊರಗಿನಿಂದಲೂ ತೆಗೆಯಲು ಬರುವಂಥದ್ದನ್ನು ಹಾಕು ಎಂದು ನಾನು ಅವನಿಗೆ ಅಡುಗೆಮನೆಗೆ ಕರೆದು ಪಿಸುಗುಟ್ಟಿದೆ. ಅಂಥದ್ದು ದುಬಾರಿ ಎಂದ, ಆಗಲಿ ಎಂದೆ. ಬೀಗದ ಕೈ ಎಲ್ಲಿದೆಯೆಂದು ಮಗಳಿಗೂ ಗೊತ್ತು, ತನಗೆ ಗೊತ್ತೆಂದು ಅವಳು ತೋರಿಸಿಕೊಳ್ಳುವುದಿಲ್ಲ. ಐಸ್‌ಕ್ರೀಮಿನ ಖರ್ಚು ಇಳಿಯಿತು. ಮೇಜಿನ ಮೇಲೆ ಅವಲಕ್ಕಿ ಮುಚ್ಚಿಟ್ಟು ನಾವು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಅರ್ಧ ಗಂಟೆಗೆ ತಟ್ಟೆ ಖಾಲಿಯಾಗಿರುತ್ತದೆ.

ಆದರೆ ಸೌಕರ್ಯವೊಂದು ಮನೆಗೆ ಬಂದರೆ ಎಲ್ಲರಿಗೂ ಬೇಕಾಗುತ್ತದೆ. ಕಳೆದ ಭಾನುವಾರ ಯಾವ ಮಾತಿಗೋ ಏನೋ, ಹೆಂಡತಿ ಸೌಟು ಕೆಳಗಿಟ್ಟು ನೇರ ಆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಹೋಗಿ ಕೇಳಲೇ ಎಂದು ನಾನು ಎದ್ದರೆ ಮಗಳು ಪುಸ್ತಕದಿಂದ ತಲೆ ಎತ್ತದೆ, "ಬಿಡಪ್ಪಾ, ಹಸಿವಾದರೆ ಅವಳೇ ಬರುತ್ತಾಳೆ" ಎಂದಳು. ಮಾತು ಸರಿಯಾಗಿಯೇ ಇತ್ತು. ಗಂಟೆ ಎರಡಾಗಿತ್ತು, ಸಾರು ಅರ್ಧಕ್ಕೇ ನಿಂತಿತ್ತು, ಹಸಿದದ್ದು ಮಾತ್ರ ನಾವು ನಾಲ್ವರು.