ದುರ್ಗದ ಬಿಸಿಲು, ವಡೋದರದ ಮೀಟರು

ನಾನು ಚಿತ್ರದುರ್ಗ ಬಿಟ್ಟು ವಡೋದರಕ್ಕೆ ಬಂದು ಹನ್ನೊಂದು ವರ್ಷ ಆಯ್ತು. ಬಂದ ಹೊಸದರಲ್ಲಿ ಸ್ನಾನಕ್ಕೆ ಗೀಸರ್ ಹಾಕುವಾಗೆಲ್ಲ ಬೇಜಾರಾಗುತ್ತಿತ್ತು. ದುರ್ಗದ ನಮ್ಮ ಮನೆಯಲ್ಲಿ ಮಾಳಿಗೆ ಮೇಲಿನ ಸೋಲಾರ್ ಟ್ಯಾಂಕಿನಿಂದ ಸುಡುಸುಡು ನೀರು ಬರುತ್ತದೆ, ಕರೆಂಟ್ ಖರ್ಚೇ ಇಲ್ಲ. ನೀರು ಕಾಯಿಸಲು ಬಿಸಿಲು ಬಳಸುವುದನ್ನು ನಮ್ಮವರು ಎಷ್ಟೋ ವರ್ಷ ಮೊದಲೇ ಕಲಿತರು. ಕರೆಂಟಿನ ವಿಷಯದಲ್ಲಿ ಮಾತ್ರ ಗುಜರಾತಿನವರು ನಮ್ಮನ್ನು ಹಿಂದೆ ಹಾಕಿಬಿಟ್ಟರು. ಇಲ್ಲಿ ನಮ್ಮ ಬೀದಿಯಲ್ಲಿ ಸೋಲಾರ್ ಪ್ಯಾನೆಲ್ ಇಲ್ಲದ ಮನೆ ಹುಡುಕಬೇಕು.

ನಾವೂ 2024ರಲ್ಲಿ 3 ಕಿಲೋವ್ಯಾಟ್ ಹಾಕಿಸಿದೆವು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಕ್ಕಿತು. ಕರ್ನಾಟಕದಲ್ಲೂ ಈ ಯೋಜನೆ ಇದೆ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಯೂನಿಟ್. ಇಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ. ಮೊದಲು ಐದು ಸಾವಿರದ ಹತ್ತಿರ ಬರುತ್ತಿತ್ತು, ಈಗ ಕೆಲವು ನೂರು ರೂಪಾಯಿ.

ಊರಿನ ಮನೆಯ ಕಥೆ ಬೇರೆ. ತಮ್ಮನ ಸಂಸಾರವೂ ಸೇರಿ ಆರು ಜನ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ತಿಂಗಳು ಸೊನ್ನೆ ಬಿಲ್ಲು. ಅದರಿಂದ ಲಕ್ಷಾಂತರ ಮನೆಗಳಿಗೆ ಉಸಿರಾಡುವ ಹಾಗಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮ ಮೀಟರಿನ ಅಂಕಿ ಬರೆದಿಡುತ್ತಾಳೆ, ಹಾಲಿನ ಲೆಕ್ಕದ ಪಕ್ಕದಲ್ಲೇ. ಏಪ್ರಿಲ್ ಕೊನೆಯ ವಾರ ನಾನು ಹೋದಾಗ ಮಧ್ಯಾಹ್ನ ಫ್ಯಾನ್ ಆರಿಸಿ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದಳು. "ಇನ್ನು ಹದಿಮೂರು ಯೂನಿಟ್ ಐತಪ್ಪ, ನಾಲ್ಕು ದಿನ ದೂಡಬೇಕು" ಅಂದಳು. ತಲೆ ಮೇಲೆ ಅಷ್ಟು ಬಿಸಿಲು, ಒಳಗೆ ಫ್ಯಾನ್ ಹಾಕಲು ಹೆದರಿಕೆ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ನೂರು ಯೂನಿಟ್ ಒಳಗೇ ಮುಗಿಯುವ ಮನೆಗೆ ಪ್ಯಾನೆಲ್ ಹಾಕಿಸಿ ಅಂತ ನಾನು ಹೇಳುವುದಿಲ್ಲ. ಹಾಕಿದ ದುಡ್ಡು ಬೇಗ ಹುಟ್ಟುವುದಿಲ್ಲ. ಆದರೆ ನಮ್ಮಂಥ, 200ರ ಗೆರೆ ಮೇಲೆ ನಿಂತ ಮನೆಗಳು ಯೋಚಿಸಬೇಕು. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿ ಮೇಲೆ ಪ್ಯಾನೆಲ್ ಕಾದಂತೆಲ್ಲ ಕರೆಂಟ್ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ ವಡೋದರ 42 ಡಿಗ್ರಿ ದಾಟುತ್ತದೆ. ದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರ, ಬಿಸಿಲು ಧಾರಾಳ, ಮಳೆ ಕಡಿಮೆ. ಈ ಕೆಲಸಕ್ಕೆ ನಮ್ಮೂರೇ ಒಳ್ಳೆಯದು ಅಲ್ವಾ?

ಅಮ್ಮ ಮೊದಲು ಕೇಳಿದ್ದೇ "ಸಂಡಿಗೆ ಎಲ್ಲಿ ಹಾಕಲಿ?" ಅಂತ. ನ್ಯಾಯವಾದ ಪ್ರಶ್ನೆ. ಇಲ್ಲಿನವರಿಗೆ ಸಂಕ್ರಾಂತಿಗೆ ಗಾಳಿಪಟ ಹಾರಿಸಲು ತಾರಸಿ ಬೇಕು. ಅದಕ್ಕೇ ನಮ್ಮ ಬೀದಿಯಲ್ಲಿ ಹೆಚ್ಚಿನವರು ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ಪ್ಯಾನೆಲ್ ಕೂರಿಸಿದ್ದಾರೆ. ಕೆಳಗೆ ಓಡಾಡಬಹುದು, ಸಂಜೆ ಮಂಚವನ್ನೂ ಹಾಕಬಹುದು. ಊರಲ್ಲೂ ಹಾಗೆ ಮಾಡಬಹುದು, ಸಂಡಿಗೆಗೆ ಒಂದು ಬದಿ ಬಿಸಿಲು ಬಿಟ್ಟರಾಯಿತು. ಆದರೆ ಇಲ್ಲಿನದನ್ನು ಹಾಗೇ ಎತ್ತಿಕೊಂಡು ಹೋಗಿ ನಿಲ್ಲಿಸಲಾಗದು. ಜೋಗಿಮಟ್ಟಿ ಗುಡ್ಡದಲ್ಲಿ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಆಷಾಢದ ಗಾಳಿಗೆ ತಗಡು ಹಾರಿಹೋಗುವ ಊರು ನಮ್ಮದು. ಕಂಬದ ಬುಡಕ್ಕೆ ಕಾಂಕ್ರೀಟು ಗಟ್ಟಿಯಾಗಿರಬೇಕು. ಇದರಲ್ಲಿ ದುಡ್ಡು ಉಳಿಸಬಾರದು.

ಇನ್ನೊಂದು, ನೀರು. ಧೂಳು ಕೂತರೆ ಪ್ಯಾನೆಲ್ ಮಂಕಾಗುತ್ತದೆ. ನಾನು ಹದಿನೈದು ದಿನಕ್ಕೊಮ್ಮೆ ಬಿಸಿಲೇರುವ ಮೊದಲು ತೊಳೆಯುತ್ತೇನೆ. ಊರಿನ ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು, ತಪ್ಪಲೆ ತಳದಲ್ಲೇ ಬಿಳಿ ಪೊರೆ ಕಟ್ಟುತ್ತದೆ. ಅದರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೂ ಕಲೆ ನಿಲ್ಲುತ್ತದೆ. ತೊಳೆದ ಕೂಡಲೇ ವೈಪರಿನಿಂದ ಎಳೆದುಬಿಡಬೇಕು.

ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆ ಅಂತ ತಮ್ಮ ಅಂದುಕೊಂಡಿದ್ದ. ಬ್ಯಾಟರಿ ಇಲ್ಲದ ಈ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ಪ್ಯಾನೆಲ್ಲಿನ ಕರೆಂಟ್ ಲೈನಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ನಿಗೆ ಶಾಕ್ ಹೊಡೆಯಬಾರದಲ್ಲ. ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಹೋದ ವಾರ ಅಮ್ಮ ಫೋನ್ ಮಾಡಿದ್ದಳು. ಪಕ್ಕದ ಮನೆಯ ತೆಂಗಿನ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ನೋಡಿಡು ಅಂತ ನಾನು ಹೇಳಿದ್ದೆ. ಮೂರು ದಿನ ಮಾಳಿಗೆ ಹತ್ತಿ, ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಗಂಟೆಯನ್ನೂ ಬರೆದಿದ್ದಾಳಂತೆ. ಪೂರ್ವದ ಮೂಲೆಯನ್ನು ಸಂಡಿಗೆಗೆ ಬಿಟ್ಟುಕೊಂಡಿದ್ದಾಳೆ.