ಸುಮ್ನೆ ಬಂದು ಕೂರೋಕೆ ಒಂದು ರೂಮು

ಮೊನ್ನೆ ನನ್ನ ಜೊತೆ ಓದಿದವನೊಬ್ಬ ಅಂಗಡಿಗೆ ಬಂದಿದ್ದ. ಅವನ ಮನೆ ಈಗ ವಿದ್ಯಾನಗರದಲ್ಲಿ, ನಮ್ಮ ಕಡೆ ಬರುವುದೇ ಅಪರೂಪ. ಹಿಂದಿನ ಗೋಡೌನಿನಿಂದ ಒಂದೇ ಸಮ ಗದ್ದಲ ಬರುತ್ತಿತ್ತು. "ಟ್ಯೂಷನ್ ಇಟ್ಟಿದೀಯೇನೋ?" ಅಂದ. ಇಲ್ಲ ಅಂದೆ. "ಮತ್ತೆ? ಯೋಗ, ಭಜನೆ ಏನಾದ್ರೂ?" ಅದೂ ಇಲ್ಲ. "ಹಂಗಾದ್ರೆ ಏನ್ ಮಾಡ್ತಾರೆ ಆ ಹುಡುಗ್ರು ಒಳಗೆ?"

"ಏನಿಲ್ಲ. ಬರ್ತಾರೆ, ಇರ್ತಾರೆ, ಹೋಗ್ತಾರೆ."

ಅವನು ಟೀ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಆ ಸಿಟ್ಟಿಗೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿದ್ದವರು ಓದಿ.

ದಾವಣಗೆರೆ ಗೊತ್ತಿದ್ದವರಿಗೆ ರೈಲ್ವೆ ಹಳಿಯ ಎರಡು ಕಡೆಯೂ ಗೊತ್ತು. ಒಂದು ಕಡೆ ಕಾಲೇಜು, ಪಾರ್ಕು, ಬೆಣ್ಣೆ ದೋಸೆಗೆ ಸಾಲು ನಿಂತ ಕಾರುಗಳು. ಇನ್ನೊಂದು ಕಡೆ ಹಳೇ ಊರು. ದುಗ್ಗಮ್ಮನ ಗುಡಿ, ಕಾಳಿಕಾದೇವಿ ರಸ್ತೆ, ಆಜಾದ್ ನಗರ, ಬಾಷಾ ನಗರ, ಮಂಡಕ್ಕಿ ಹುರಿಯುವ ಒಲೆಗಳಿರುವ ಮಂಡಕ್ಕಿ ಭಟ್ಟಿ. ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಗಿರಣಿ ಹೋದವು, ಗಿರಣಿಗೆ ಹೋಗುತ್ತಿದ್ದವರ ಮೊಮ್ಮಕ್ಕಳು ಇಲ್ಲೇ ಉಳಿದರು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಬಂದಾಗ ನಾವೂ ಪಟಾಕಿ ಹೊಡೆದವರೇ. ಅದರ ಬಗ್ಗೆ ಇಲ್ಲಿ ಜಗಳ ತೆಗೆಯುವುದಿಲ್ಲ.

ನನ್ನದು ಜೆರಾಕ್ಸ್ ಅಂಗಡಿ. ಜೊತೆಗೆ ಅರ್ಜಿ ತುಂಬುವ ಕೆಲಸ. ಜಾತಿ-ಆದಾಯ ಪ್ರಮಾಣ ಪತ್ರ, ಸ್ಕಾಲರ್‌ಶಿಪ್, ರೇಷನ್ ಕಾರ್ಡು, ಇಂಥವು. ಅಂಗಡಿ ಹಿಂದೆ ಅಪ್ಪನ ಕಾಲದ ಗೋಡೌನ್ ಇದೆ. ಅವರು ಅಲ್ಲಿ ಮಂಡಕ್ಕಿ ಚೀಲ ಒಟ್ಟುತ್ತಿದ್ದರು. ಈಗಲೂ ಮೂಲೆ ಗುಡಿಸಿದರೆ ಭಟ್ಟಿಯ ಮರಳು ಸಿಗುತ್ತದೆ. ಮೇಲೆ ಸಿಮೆಂಟ್ ಶೀಟು, ಎರಡು ಫ್ಯಾನು, ಒಂದು ಚಾಪೆ, ಒಂದು ಕೇರಂ ಬೋರ್ಡು, ಹಳೇ ಮಯೂರ, ತರಂಗದ ಒಂದು ಗುಡ್ಡೆ. ಸಾಯಂಕಾಲ ನಾಲ್ಕೂವರೆಗೆ ಬಾಗಿಲು ತೆಗೆಯುತ್ತೇನೆ, ಎಂಟಕ್ಕೆ ಹಾಕುತ್ತೇನೆ. ಮಕ್ಕಳು ಅದಕ್ಕೆ 'ರೂಮು' ಅನ್ನುತ್ತಾರೆ. ಬೋರ್ಡ್ ಇಲ್ಲ. ನನಗೆ ಕೆಲವರು ಅಂಕಲ್ ಅನ್ನುತ್ತಾರೆ, ಕೆಲವರು ಚಾಚಾ. ಸಣ್ಣವಕ್ಕೆಲ್ಲ ನಾನು ಜೆರಾಕ್ಸ್ ಮಾಮ.

ನಾಲ್ಕೂವರೆಯಿಂದ ಎಂಟೇ ಯಾಕೆ? ಇದನ್ನು ಹಳಿ ಆಚೆಯವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಓಣಿಯಲ್ಲಿ ಭಟ್ಟಿ ಕೆಲಸಕ್ಕೆ ಹೋಗುವವರು ಏಳುವುದು ರಾತ್ರಿ ಎರಡಕ್ಕೋ ಮೂರಕ್ಕೋ. ಬಿಸಿಲೇರುವ ಮುಂಚೆ ಒಲೆ ಮುಂದಿನ ಕೆಲಸ ಮುಗಿಯಬೇಕು. ಹಾಗಾಗಿ ಅವರು ಸಾಯಂಕಾಲವೇ ಮಲಗುತ್ತಾರೆ. ಮನೆ ಅಂದರೆ ಒಂದೇ ಕೋಣೆ. ಅದರಲ್ಲಿ ಅಪ್ಪ ಮಲಗಿದರೆ ಮಗು ಪಾಠ ಜೋರಾಗಿ ಓದುವ ಹಾಗಿಲ್ಲ, ಲೈಟು ಹಾಕುವ ಹಾಗಿಲ್ಲ, ತಂಗಿ ಜೊತೆ ಕಿತ್ತಾಡುವ ಹಾಗೂ ಇಲ್ಲ. "ಹೊರಗ್ ಹೋಗ್ರಲೇ" ಅನ್ನುವುದು ಇಲ್ಲಿ ಬೈಗುಳ ಅಲ್ಲ, ದಿನಚರಿ. ಶಾಲೆ ಬಿಟ್ಟ ಮೇಲೆ ಕತ್ತಲಾಗುವವರೆಗೆ ಆ ಮಗುವಿಗೆ ಇರುವುದು ರಸ್ತೆ ಒಂದೇ. ರಸ್ತೆಯಲ್ಲಿ ಯಾರು ಸಿಗುತ್ತಾರೋ ಅವರೇ ಮೇಷ್ಟ್ರು.

ಕಾನೂನಿನಲ್ಲಿ ಇಂಥದ್ದಕ್ಕೆ ಜಾಗವೇ ಇಲ್ಲ ಅಂತಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ತೆರೆದ ತಂಗುದಾಣ ಅಂತ ಒಂದಿದೆ. ಆದರೆ ಅದು ಬೀದಿ ಪಾಲಾದ ಮಗುವಿಗೆ, ರಾತ್ರಿ ಉಳಿಯಲು ನೆಲೆ ಬೇಕಾದವರಿಗೆ. ನಮ್ಮ ಮಕ್ಕಳಿಗೆ ಮನೆ ಇದೆ, ಅಪ್ಪ ಅಮ್ಮ ಇದ್ದಾರೆ, ಪ್ರೀತಿಯೂ ಇದೆ. ಇಲ್ಲದ್ದು ಮೂರೂವರೆ ತಾಸಿನ ಜಾಗ, ಅಷ್ಟೇ. ಅಷ್ಟು ಸಣ್ಣ ಕೊರತೆಗೆ ಯಾವ ಇಲಾಖೆಯಲ್ಲೂ ಫೈಲು ಇಲ್ಲ.

ಶುರುವಿನಲ್ಲಿ ನಾನೂ ಟ್ಯೂಷನ್ನೇ ಮಾಡಿದ್ದು. ಸುಳ್ಳು ಯಾಕೆ ಹೇಳಲಿ. ಒಂದು ರಿಜಿಸ್ಟರ್ ತಂದೆ, ಕೆಂಪು ಪೆನ್ನಲ್ಲಿ ಗೆರೆ ಹಾಕಿದೆ, ಹೆಸರು, ತರಗತಿ, ತಂದೆಯ ಉದ್ಯೋಗ, ಹಾಜರಿ. ಮೊದಲ ದಿನ 22 ಮಕ್ಕಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಆರು. ಉಳಿದ ಆರೂ ಮನೆಯಲ್ಲಿ ಓದಲು ಜಾಗ ಇದ್ದವರು, ನನ್ನ ರೂಮು ಬೇಕೇ ಇರಲಿಲ್ಲ ಅವರಿಗೆ.

ಯಾಕೆ ಹೀಗಾಯ್ತು ಅಂತ ಗ್ಯಾರೇಜಿನ ಹುಡುಗನೊಬ್ಬನನ್ನು ಕೇಳಿದೆ. ಅವನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ಒಂದೆರಡು ಸಲ ಬಾಗಿಲ ತನಕ ಬಂದು ವಾಪಸ್ ಹೋಗಿದ್ದ. ಗ್ರೀಸ್ ಕೈ ಒರೆಸಿಕೊಳ್ಳುತ್ತಾ ಹೇಳಿದ. "ಹೆಸ್ರು ಬರ್ಕೊಂಡ್ರೆ ನಾಳೆ ಯಾಕ್ ಬರ್ಲಿಲ್ಲ ಅಂತ ಕೇಳ್ತೀರಿ. ಕೇಳಿದ್ ಮೇಲೆ ನಾಡಿದ್ದು ಬರಾಕೆ ನಾಚ್ಕೆ ಆಗ್ತತಿ. ಆಮೇಲೆ ಬರದೇ ಇಲ್ಲ."

ಇಷ್ಟು ವರ್ಷ ಅರ್ಜಿ ತುಂಬಿದ ನನಗೆ ಇದು ಹೊಳೆದಿರಲಿಲ್ಲ. ಹಾಜರಿ ಪುಸ್ತಕ ಇಟ್ಟ ಕೂಡಲೇ ಗೈರುಹಾಜರಿ ಅನ್ನುವ ತಪ್ಪು ಹುಟ್ಟುತ್ತದೆ. ಯಾವ ಮನೆಯಲ್ಲಿ ಗಲಾಟೆ ಜಾಸ್ತಿಯೋ, ಯಾವ ಮಗುವಿಗೆ ಕೆಲಸ ಜಾಸ್ತಿಯೋ, ಅದೇ ಮಗು ಜಾಸ್ತಿ ಸಲ ತಪ್ಪಿಸಿಕೊಳ್ಳುತ್ತದೆ. ಅಂದರೆ ರೂಮು ಯಾರಿಗೆ ಹೆಚ್ಚು ಬೇಕೋ ಅವರನ್ನೇ ರಿಜಿಸ್ಟರ್ ಮೊದಲು ಹೊರಗೆ ಹಾಕುತ್ತದೆ. ಆ ಪುಸ್ತಕದ ಖಾಲಿ ಹಾಳೆಗಳಲ್ಲಿ ಈಗ ಮಕ್ಕಳು ಚುಕ್ಕಿ ಆಟ ಆಡುತ್ತಾರೆ. ಒಂದು ತಿಂಗಳು ಬಿಟ್ಟು ಬಂದರೂ "ಬಾ, ಊಟ ಆಯ್ತಾ" ಅನ್ನುತ್ತೇನೆ, ಎಲ್ಲಿ ಹೋಗಿದ್ದೆ ಅಂತ ಕೇಳುವುದಿಲ್ಲ. ನನ್ನ ಕೆಲಸದಲ್ಲಿ ಅತಿ ಕಷ್ಟದ್ದು ಇದೇ. ಕೇಳದೇ ಇರುವುದು.

ಓದು ನಡೆಯುವುದೇ ಇಲ್ಲವಾ ಅಂದರೆ, ನಡೆಯುತ್ತದೆ. ಕೇರಂ ಸರದಿಗೆ ಕಾಯುವಾಗ ಪಕ್ಕದವನ ಲೆಕ್ಕಕ್ಕೆ ಬಾಯಿ ಹಾಕುತ್ತಾರೆ. ಆ ಗ್ಯಾರೇಜ್ ಹುಡುಗನಿಗೆ ಭಾಗಾಕಾರ ಹೇಳಿಕೊಟ್ಟಿದ್ದು ಏಳನೇ ಕ್ಲಾಸಿನ ಹುಡುಗಿ, ಪೆಟ್ರೋಲ್ ಮೈಲೇಜ್ ಲೆಕ್ಕದಲ್ಲಿ. ನಾನು ಹೇಳಿಕೊಟ್ಟಿದ್ದರೆ ಅವನು ಕಲಿಯುತ್ತಿರಲಿಲ್ಲ.

ತಿಂಡಿಯ ವಿಷಯದಲ್ಲಿ ಮಾತ್ರ ನಾನು ಚೆನ್ನಾಗಿ ಪೆಚ್ಚಾದೆ. ಮಧ್ಯಾಹ್ನದ ಬಿಸಿಯೂಟ ಇದೆ, ಅದು ದೊಡ್ಡ ಆಸರೆ, ಆದರೆ ಸಾಯಂಕಾಲ ಐದಕ್ಕೆ ಹೊಟ್ಟೆ ಮತ್ತೆ ಕೇಳುತ್ತದೆ. ಅಗ್ಗಕ್ಕೆ ಸಿಗುವುದು ಮಂಡಕ್ಕಿ ಅಲ್ವಾ, ಒಗ್ಗರಣೆ ಹಾಕಿಸಿ ಒಂದು ಬುಟ್ಟಿ ಇಟ್ಟೆ. ಯಾರೂ ಮುಟ್ಟಲಿಲ್ಲ. "ಮಾಮ, ಮನ್ಯಾಗೆ ಬೆಳಗ್ಗೆ ಸಂಜೆ ಅದೇ. ಬನ್ ಕೊಡ್ಸಿ." ಊರವರೆಲ್ಲ ಮೆಣಸಿನಕಾಯಿ ಮಂಡಕ್ಕಿಗೆ ಬಾಯಿ ಬಿಡುತ್ತೇವೆ. ಅದನ್ನು ಹುರಿಯುವವರ ಮಕ್ಕಳಿಗೆ ಬೇಕರಿ ಬನ್ನೇ ಹಬ್ಬ.

ಹೆಣ್ಣು ಮಕ್ಕಳು ಮೊದಲು ಬರುತ್ತಲೇ ಇರಲಿಲ್ಲ. ನಾನು ಏನೇನೋ ಯೋಚಿಸಿದೆ, ಮನೆಯವರು ಕಳಿಸಲ್ಲ, ಸಂಪ್ರದಾಯ, ಹಾಗೆ ಹೀಗೆ. ನನ್ನ ಹೆಂಡತಿ ಒಂದು ದಿನ ಬಂದು ಸುತ್ತ ನೋಡಿ ಎರಡೇ ಮಾತು ಹೇಳಿದಳು. "ಬಾತ್‌ರೂಮಿಗೆ ಚಿಲಕ ಇಲ್ಲ. ಕೈಕೂಸು ಇದ್ದವಳು ಅದನ್ನ ಎಲ್ಲಿ ಬಿಟ್ಟು ಬರ್ಬೇಕು?" ಚಿಲಕ ಹಾಕಿಸಿದೆ, ಕೂಸನ್ನೂ ಕರ್ಕೊಂಡು ಬನ್ನಿ ಅಂದೆ. ಈಗ ಹತ್ತು ವರ್ಷದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಾಳೆ, ಇಳಿಸಿ ಚಾಪೆ ಮೇಲೆ ಬಿಡುತ್ತಾಳೆ, ಅವನು ಎಲ್ಲರ ಕೈಯಲ್ಲೂ ತಿರುಗುತ್ತಾನೆ. ಅವಳಿಗೆ ದಿನದಲ್ಲಿ ಸೊಂಟ ಖಾಲಿ ಇರುವುದು ಆಗ ಮಾತ್ರ.

ಇನ್ನು ದೊಡ್ಡ ಹುಡುಗರು. ನನಗೆ ಅತಿ ಚಿಂತೆ ಇವರದ್ದೇ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗೆ ಕೈ ಹಿಡಿಯುತ್ತದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ದಾಟಿದವರಿಗೆ ಅಪಾಯಕಾರಿ ಅಲ್ಲದ ಕೆಲಸಕ್ಕೆ ಬಿಡುತ್ತದೆ. ಅದರಲ್ಲೂ ರಾತ್ರಿ 7ರಿಂದ ಬೆಳಗ್ಗೆ 8ರವರೆಗೆ ದುಡಿಸುವಂತಿಲ್ಲ. ಮದುವೆ ಸೀಸನ್ನಲ್ಲಿ ಯಾವ ಛತ್ರಕ್ಕಾದರೂ ಹೋಗಿ ನೋಡಿ. ರಾತ್ರಿ ಹತ್ತಕ್ಕೆ ನಿಮ್ಮ ಎಲೆಗೆ ಅನ್ನ ಬಡಿಸುವ ಹುಡುಗನ ಮೀಸೆ ಇನ್ನೂ ಚಿಗುರಿರುವುದಿಲ್ಲ. ನಾವೆಲ್ಲ "ಇಲ್ಲಿ ಸ್ವಲ್ಪ ಸಾರು" ಅನ್ನುತ್ತೇವೆ, ವಯಸ್ಸು ಕೇಳುವುದಿಲ್ಲ. ನಾನೂ ಕೇಳಿಲ್ಲ.

14ರಿಂದ 18 ಅಂದರೆ ಶಾಲೆಗೆ ದೊಡ್ಡವರು, ಕೆಲಸಕ್ಕೆ ಚಿಕ್ಕವರು, ಪೊಲೀಸರಿಗೆ ಅನುಮಾನದವರು. ಎಸ್‌ಎಸ್‌ಎಲ್‌ಸಿ ಫೇಲಾದವನು ಮನೆಯಲ್ಲಿ ಮುಖ ತೋರಿಸಲಾರ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು, ಫೇಲಾದರೆ ಅದೇ ವರ್ಷ ಮತ್ತೆ ಬರೆಯಬಹುದು ಅಂತ ಪೇಪರ್‌ನಲ್ಲಿ ಬಂದರೂ ಆ ಹುಡುಗನ ತನಕ ಸುದ್ದಿ ಹೋಗಿರುವುದಿಲ್ಲ. ಕೇರಂ ಆಡುತ್ತಾ ಆಡುತ್ತಾ ಹೇಳಿದರೆ ಹೋಗುತ್ತದೆ. ಇಬ್ಬರು ಹಾಗೆ ಬರೆದರು. ಒಬ್ಬ ಪಾಸಾದ, ಇನ್ನೊಬ್ಬ ಗಣಿತದಲ್ಲಿ ಮತ್ತೆ ಹೋಯ್ತು ಅಂತ ನಗುತ್ತಾ ಬಂದ. ನಗುತ್ತಾ ಬಂದನಲ್ಲ, ನನಗೆ ಅದೇ ಹೆಚ್ಚು.

ಒಂದು ಸಲ ಮೊಬೈಲ್ ಕಳವಿನ ಅನುಮಾನದ ಮೇಲೆ ಹದಿನಾರರ ಹುಡುಗನೊಬ್ಬನನ್ನು ಠಾಣೆಗೆ ಕರೆದುಕೊಂಡು ಹೋದರು. ಅವನ ಅಮ್ಮ ನನ್ನ ಅಂಗಡಿಗೆ ಓಡಿ ಬಂದರು, ಯಾಕೆಂದರೆ ಅವರಿಗೆ ಗೊತ್ತಿದ್ದ 'ಓದಿದ ಮನುಷ್ಯ' ಅಂದರೆ ಜೆರಾಕ್ಸಿನವನು. ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು, ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು. ಇದೆಲ್ಲ ನನಗೂ ಅವತ್ತೇ ಗೊತ್ತಾಗಿದ್ದು, ಮೊಬೈಲಿನಲ್ಲಿ ಹುಡುಕಿ. ಹೋಗಿ ನಿಂತೆ, ಕೈ ಕಟ್ಟಿಕೊಂಡೇ ಕೇಳಿದೆ. ಬಿಟ್ಟು ಕಳಿಸಿದರು. ಮೊಬೈಲ್ ಕೊನೆಗೆ ಕಳೆದುಕೊಂಡವರ ಮನೆಯ ಸೋಫಾ ಸಂದಿಯಲ್ಲೇ ಸಿಕ್ಕಿತಂತೆ. ಹುಡುಗ ಎರಡು ವಾರ ರೂಮಿಗೆ ಬರಲಿಲ್ಲ. ಬಂದಾಗ ನಾನು ಊಟ ಆಯ್ತಾ ಅಂದೆ.

ಎಲ್ಲವೂ ಹೀಗೆ ಸರಿಹೋಗಲಿಲ್ಲ. ಪಂಕ್ಚರ್ ಸಲ್ಯೂಷನ್ ಮೂಸುತ್ತಿದ್ದ ಹುಡುಗನೊಬ್ಬನಿದ್ದ, ಹದಿಮೂರು ಇರಬಹುದು. ಮಕ್ಕಳಿಗೆ ಅಮಲಿನ ವಸ್ತು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು ಅಂತ ಕಾನೂನಿದೆ. ಕರ್ಚೀಫಿಗೆ ಹಾಕಿಕೊಂಡು ಮೂಸುವ ಟ್ಯೂಬು ಮಾತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಅವನು ರೂಮಿಗೆ ಬಂದು ಮೂಲೆಯಲ್ಲಿ ಮಲಗುತ್ತಿದ್ದ. ಬೇರೆ ಮಕ್ಕಳ ಅಮ್ಮಂದಿರು ಆಕ್ಷೇಪ ಎತ್ತಿದರು. ನಾನು ಹೆದರಿ, ಒಂದೆರಡು ದಿನ ಬರಬೇಡ ಅಂದೆ. ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ, ಅವರು ಬರುವ ಹೊತ್ತಿಗೆ ಮನೆಯವರು ಅವನನ್ನು ಊರು ಬಿಡಿಸಿದ್ದರು. ಮೊದಲು ಫೋನ್ ಮಾಡಿ ಆಮೇಲೆ ಹೆದರಬೇಕಿತ್ತು.

ಈಗ ದುಡ್ಡಿನ ಮಾತು. ಒಬ್ಬ ದಾನಿಗಳು ಬಂದಿದ್ದರು. ಬ್ಯಾನರ್, ಟೀಶರ್ಟ್, ತಿಂಗಳಿಗೆ ಎಷ್ಟು ಮಕ್ಕಳು 'ಬದಲಾದರು' ಅನ್ನುವ ವರದಿ, ವಾರಕ್ಕೊಂದು ಫೋಟೋ ಬೇಕು ಅಂದರು. ಫೋಟೋ ಆಗಲ್ಲ ಸಾರ್ ಅಂದೆ. ಬಂದವನು ಯಾರ ಮಗ, ಯಾಕೆ ಬಂದ ಅಂತ ಊರಿಗೆಲ್ಲ ತೋರಿಸಿದ ದಿನ ಅವನು ಬರುವುದು ನಿಲ್ಲಿಸುತ್ತಾನೆ. ಅವರು ಆಲೋಚಿಸಿ ಹೇಳುತ್ತೇನೆ ಅಂದು ಹೋದರು, ಇನ್ನೂ ಆಲೋಚಿಸುತ್ತಿದ್ದಾರೆ. ಈ ಪೋಸ್ಟಿನಲ್ಲೂ ಫೋಟೋ ಇಲ್ಲ, ಹುಡುಕಬೇಡಿ.

ನಿಜ ಹೇಳಬೇಕೆಂದರೆ ದಾನಿಗಳ ಕೈ ನೋಡುವ ಅಗತ್ಯವೇ ಇರಬಾರದು. ದಿನಾ ಅಂಗಡಿಗೆ ಬರುವ ಆಸ್ತಿ ತೆರಿಗೆ ಚಲನ್ ನೋಡುತ್ತೇನಲ್ಲ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ, ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಅಂತ ಮಾಡಿದರು, 'ಓದುವ ಬೆಳಕು' ಅಂತ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಒಳ್ಳೆ ಕೆಲಸ. ನಮ್ಮ ಪಾಲಿಕೆಯಲ್ಲಿ 45 ವಾರ್ಡು. ಹಳೇ ಊರಿನ ವಾರ್ಡುಗಳಲ್ಲಾದರೂ ಸಾಯಂಕಾಲ ಒಂದು ಕೋಣೆ ತೆರೆದು, ಒಬ್ಬರನ್ನು ಸಂಬಳ ಕೊಟ್ಟು ಕೂರಿಸಿದರೆ ಸಾಕು. ಶಾಲೆ ಕಟ್ಟಡಗಳು ನಾಲ್ಕೂವರೆ ಮೇಲೆ ಬೀಗ ಹಾಕಿಕೊಂಡೇ ಇರುತ್ತವೆ. ಹೊಸ ಕಟ್ಟಡ ಬೇಡ ದಯವಿಟ್ಟು. ಕಟ್ಟಡ ಅಂದರೆ ಶಂಕುಸ್ಥಾಪನೆ, ಉದ್ಘಾಟನೆ, ಆಮೇಲೆ ಬೀಗದ ಕೈ ಯಾರ ಹತ್ತಿರ ಅಂತ ಹುಡುಕಾಟ.

"ಪೋಲಿ ಹುಡುಗರಿಗೆ ಅಡ್ಡೆ ಮಾಡಿಕೊಟ್ಟಿದ್ದೀಯ" ಅಂತ ಓಣಿಯ ಹಿರಿಯರೊಬ್ಬರು ಈಗಲೂ ಬೈಯುತ್ತಾರೆ. ಅವರ ಮಾತಲ್ಲಿ ಸುಳ್ಳೇನಿಲ್ಲ, ಪೋಲಿಗಳೂ ಬರುತ್ತಾರೆ. ಅವರು ಬರಲಿ ಅಂತಲೇ ಬಾಗಿಲು ತೆಗೆದಿರುವುದು. ಬೈದ ಮೇಲೆ ಅದೇ ಹಿರಿಯರು ಒಳಗೆ ಬಂದು, ನಿಂತು, ಕೇರಂ ನೋಡಿ, "ಲೇ, ಹಂಗಲ್ಲ, ಕಟ್ ಹೊಡಿ" ಅನ್ನುತ್ತಾರೆ.

ಕಾಮೆಂಟಿನಲ್ಲಿ 'ನಾವೇನು ಸಹಾಯ ಮಾಡಬಹುದು' ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಮಂಗಳವಾರ, ಗುರುವಾರ ನನಗೆ ಅಂಗಡಿಯಲ್ಲಿ ಕೆಲಸ ಜಾಸ್ತಿ. ಐದರಿಂದ ಎಂಟು ಯಾರಾದರೂ ರೂಮಿನಲ್ಲಿ ಕೂತರೆ ಉಪಕಾರ. ಪಾಠ ಮಾಡಬೇಕಿಲ್ಲ, ಬುದ್ಧಿ ಹೇಳಲೇಬಾರದು. ಬರುವಾಗ ಒಂದು ಸ್ಟ್ರೈಕರ್ ತನ್ನಿ. ಇದ್ದದ್ದು ಕಳೆದು ಹದಿನೈದು ದಿನವಾಯ್ತು, ಹುಡುಗರು ಪೌಡರ್ ಡಬ್ಬಿಯ ಮುಚ್ಚಳದಲ್ಲೇ ಆಡುತ್ತಿದ್ದಾರೆ.